ಭಾನುವಾರದ್ದೂ ನಾನೇ

ಅಳಿಸಿದ್ದೆನಲ್ಲ? ಅಳಿಸಿರಲೇಬೇಕು. ಕೆಲಸ ಒಪ್ಪಿಸಿದ ಕೊನೆಯ ದಿನ ಮಾಡಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೊಂದಕ್ಕೂ ಗುರುತು ಹಾಕಿದ್ದು ನೆನಪಿದೆ. ಆ ಹಾಳೆಯಲ್ಲಿ ಅದೂ ಇತ್ತೇ? ಇತ್ತು ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಗುರುತು ಹಾಕಿದ್ದು ಅಳಿಸಿದ ಮೇಲೋ, ಅಳಿಸಿದರಾಯಿತು ಅಂದುಕೊಂಡೋ?

ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ, ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದವನಿಗೆ ಈ ಅನುಮಾನ ಬಂದದ್ದು ತನ್ನದೇ ಬರಹವನ್ನು ಇನ್ನೊಬ್ಬರ ಬಾಯಲ್ಲಿ ಕೇಳುತ್ತಿದ್ದಾಗ. ಕ್ಷೌರದವನು ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಆ ದಿನದ ಪತ್ರಿಕೆ ಹಿಡಿದು, ಅಂಗಡಿಯಲ್ಲಿ ಕಾಯುತ್ತಿದ್ದ ನಾಲ್ಕು ಜನಕ್ಕೂ ಕೇಳಿಸುವಂತೆ ಓದುತ್ತಿದ್ದ.

"'ಮನೆ ಕಟ್ಟಿದ ಮೇಸ್ತ್ರಿ ಕೆಲಸ ಮುಗಿದ ದಿನ ತನ್ನ ಹತ್ತಿರವಿದ್ದ ಕೀಲಿಯನ್ನು ಯಜಮಾನನ ಕೈಗಿಟ್ಟು ಹೋಗಬೇಕು. ಜೇಬಿನಲ್ಲೇ ಇಟ್ಟುಕೊಂಡು ಹೋದ ಮೇಸ್ತ್ರಿಗೂ ಕಳ್ಳನಿಗೂ ನಾನು ವ್ಯತ್ಯಾಸ ಕಾಣೆ.' ಆಹಾ! ಎಂಥಾ ಮಾತು ಸಾರ್! ಎಲ್ಲಿಂದ ತೆಗೀತೀರಿ ಇವನ್ನೆಲ್ಲ?"

ಗಂಟಲ ಮೇಲೆ ಕತ್ತಿ ಇದ್ದುದರಿಂದ ಅವನು ಉತ್ತರ ಕೊಡಲಿಲ್ಲ. ಕತ್ತಿ ಇಲ್ಲದಿದ್ದರೂ ಕೊಡುತ್ತಿರಲಿಲ್ಲ. ಆ ಸಾಲು ಬರೆಯುವಾಗ ಅವನಿಗೆ ಏನೂ ಅನ್ನಿಸಿರಲಿಲ್ಲ, ಚೆನ್ನಾಗಿ ಬಂತು ಅಂದುಕೊಂಡಿದ್ದ ಅಷ್ಟೆ. ಕ್ಷೌರದವನ ಒಡಕು ದನಿಯಲ್ಲಿ ಅದೇ ಸಾಲು ಬೇರೆ ಯಾರನ್ನೋ ಕುರಿತು ಆಡಿದಂತೆ ಕೇಳಿಸಿತು. ಆ ಬೇರೆ ಯಾರೋ ಕನ್ನಡಿಯಲ್ಲಿ ಕೂತಿದ್ದ.

"ನಮ್ಮಂಗಡಿ ಪಾಸ್‌ವರ್ಡ್ ನೋಡಿ ಸಾರ್, ಕನ್ನಡಿ ಮೇಲೆ ಅಂಟಿಸಿದೀನಿ. ಯಾರು ಏನು ಕದೀತಾರೆ? ಕೂದಲಾ?" ಎಂದು ಕ್ಷೌರದವನು ನಕ್ಕ. ಕಾಯುತ್ತಿದ್ದವರೂ ನಕ್ಕರು. "ಆದ್ರೂ ಆ ಲ್ಯಾಬಿನ ಹೆಂಗಸನ್ನ ಚೆನ್ನಾಗಿ ಝಾಡಿಸಿದೀರಿ. ಹಾಗೇ ಆಗ್ಬೇಕು."

ಆ ಲ್ಯಾಬಿನ ಹೆಂಗಸು ಅವನ ಅಕ್ಕ. ಇದು ಅಂಗಡಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ಹದಿನಾರು ವರ್ಷದಿಂದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರಿನ ಕೆಲಸ ಮಾಡುತ್ತಿದ್ದಳು. ಬಂದವರ ಹೆಸರು, ವಯಸ್ಸು ಕೇಳಿ ಕಂಪ್ಯೂಟರಿಗೆ ಹಾಕುವುದು, ವರದಿ ಬಂದಾಗ ಮುದ್ರಿಸಿ ಕೊಡುವುದು. ಆ ಕಂಪ್ಯೂಟರಿನೊಳಗಿನ ವ್ಯವಸ್ಥೆಯನ್ನು ಎಂಟು ವರ್ಷದ ಹಿಂದೆ ಬರೆದುಕೊಟ್ಟವನು ಅವನೇ. ಆಗಿನ್ನೂ ಓದು ಮುಗಿಸಿದ ಹೊಸತು. ಅಕ್ಕನೇ ಲ್ಯಾಬಿನ ಒಡತಿ ಡಾಕ್ಟರಮ್ಮನ ಹತ್ತಿರ ಹೇಳಿ ಕೊಡಿಸಿದ ಮೊದಲ ಕೆಲಸ. ಈಗ ಅವನು ದೊಡ್ಡ ಕಂಪನಿಯೊಂದರಲ್ಲಿ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ವಿಭಾಗದ ಮುಖ್ಯಸ್ಥ. ಮೂರು ವರ್ಷದಿಂದ ಪತ್ರಿಕೆಯಲ್ಲಿ 'ಎಚ್ಚರ' ಎಂಬ ವಾರದ ಅಂಕಣ ಬೇರೆ. ತಂತ್ರಾಂಶಗಳು ಹೇಗೆ ಕಳಪೆಯಾಗುತ್ತಿವೆ, ಜನ ಹೇಗೆ ಬೆಪ್ಪರಾಗುತ್ತಿದ್ದಾರೆ, ಫೋನು ಹೇಗೆ ಊರಿನ ಬಾಯಾಗುತ್ತಿದೆ ಎಂದೆಲ್ಲ ಬರೆಯುತ್ತಿದ್ದ. ಪಕ್ಕದಲ್ಲಿ ಕೈಕಟ್ಟಿ ನಿಂತ ಅವನ ಫೋಟೊ ಇರುತ್ತಿತ್ತು.

ಹತ್ತು ದಿನಗಳ ಹಿಂದೆ ಆ ಲ್ಯಾಬಿನಿಂದ ಇನ್ನೂರ ಹದಿನೇಳು ಜನರ ವರದಿಗಳು ಹೊರಗೆ ಸೋರಿದವು. ಯಾರೋ ಕಾಣದವರು ಒಳಹೊಕ್ಕು ಎಲ್ಲವನ್ನೂ ಎತ್ತಿ ಬಯಲಿಗೆ ಹಾಕಿದ್ದರು. ಅದರಲ್ಲೊಂದು, ಹತ್ತಿರದ ಶಾಲೆಯೊಂದರಲ್ಲಿ ಅಡುಗೆ ಮಾಡುವ ಹೆಂಗಸಿನದು. ಲಿವರಿಗೆ ಸಂಬಂಧಿಸಿದ ಸೋಂಕು ಇದೆ ಎಂದು ಅದರಲ್ಲಿತ್ತು. ಅಡುಗೆಯಿಂದ ಹರಡುವ ಸೋಂಕಲ್ಲ ಅದು. ಆದರೆ ಮಕ್ಕಳ ತಾಯ್ತಂದೆಯರ ಫೋನಿನ ಗುಂಪಿಗೆ ಆ ವರದಿ ಬಿದ್ದ ಅರ್ಧ ದಿನದಲ್ಲಿ ಅವಳನ್ನು ಕೆಲಸಕ್ಕೆ ಬರಬೇಡ ಎಂದರು.

ಆ ದಿನ ಅಕ್ಕ ಫೋನ್ ಮಾಡಿದ್ದಳು. "ಲೋ ಚಿಲಕ, ನನ್ನ ಟೇಬಲ್ ಗಾಜಿನ ಕೆಳಗೆ ಪಾಸ್‌ವರ್ಡ್ ಚೀಟಿ ಇಟ್ಕೊಂಡಿದ್ದೆನಲ್ಲ, ಅದರಿಂದಲೇ ಆಗಿದ್ದು ಅಂತಿದಾರೆ ಕಣೋ."

"ಅಕ್ಕಾ! ಎಷ್ಟು ಸಲ ಬಡಕೊಂಡಿದೀನಿ ನಿಂಗೆ?"

"ಬಡಕೊಂಡಿದೀಯ. ಎರಡು ತಿಂಗಳಿಗೊಂದು ಸಲ ಪಾಸ್‌ವರ್ಡ್ ಬದಲಾಯಿಸು ಅಂತೀಯ. ಎರಡು ತಿಂಗಳಿಗೊಂದು ಹೊಸ ತಲೆ ಎಲ್ಲಿಂದ ತರ್ಲಿ ನಾನು?"

ಅವನು ನಗಲಿಲ್ಲ. ಫೋನ್ ಇಟ್ಟವನೇ ಕೂತು ಒಂದೇ ಗಂಟೆಯಲ್ಲಿ ಅಂಕಣ ಬರೆದು ಮುಗಿಸಿದ್ದ. 'ಗಾಜಿನ ಕೆಳಗಿನ ಚೀಟಿ' ಎಂದು ತಲೆಬರಹ. ಹೆಸರು ಹಾಕಿರಲಿಲ್ಲ, ಒಬ್ಬ ಗುಮಾಸ್ತೆ ಎಂದಷ್ಟೇ. ಚೆನ್ನಾಗಿ ಬಂದಿತ್ತು.

ಕ್ಷೌರ ಮುಗಿಸಿ ಮನೆಗೆ ಹೋಗಿ, ಮುಖ ಕೂಡ ಒರೆಸಿಕೊಳ್ಳದೆ ಕಂಪ್ಯೂಟರ್ ತೆರೆದ. ಲ್ಯಾಬಿನ ಪುಟಕ್ಕೆ ಹೋದ. ಹೆಸರು ಕೇಳುವ ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ 'ಚಿಲಕ' ಎಂದು ಒತ್ತಿದ. ಪಾಸ್‌ವರ್ಡ್ ಕೇಳುವ ಕಡೆಯೂ ಅದನ್ನೇ ಒತ್ತಿದ. ತೆರೆಯಬಾರದು, ತೆರೆಯಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡು ಬೆರಳು ಒತ್ತಿದ.

ತೆರೆಯಿತು. ಯಾವ ತಕರಾರೂ ಇಲ್ಲದೆ, ಮನೆಯವನೇ ಬಂದನೆಂಬಂತೆ ತೆರೆಯಿತು. 'ಸ್ವಾಗತ' ಎಂದು ಹಸಿರು ಬಣ್ಣದಲ್ಲಿ ಬಂತು. ಆ ಹಸಿರು ಆರಿಸಿದವನೂ ಅವನೇ. ಮೂಲೆಯಲ್ಲಿ ಹೊತ್ತು ಹತ್ತು ಹದಿನಾಲ್ಕು ಎಂದು ತೋರಿಸುತ್ತಿತ್ತು. ಕೆಳಗೆ ಸಾಲುಸಾಲಾಗಿ ಹೆಸರು, ವಯಸ್ಸು, ಫೋನ್ ನಂಬರು, ರಕ್ತದಲ್ಲಿ ಏನೇನಿದೆ ಎಂಬ ಲೆಕ್ಕ. ಹೆಂಗಸರ, ಗಂಡಸರ, ಹಸುಗೂಸುಗಳ ಮೈಯೊಳಗಿನ ಗುಟ್ಟು.

ವ್ಯವಸ್ಥೆ ಬರೆಯುವಾಗ ತಾನೇ ಹೊಕ್ಕು ನೋಡಲೆಂದು ಮಾಡಿಕೊಂಡ ಖಾತೆ ಅದು. ಎಲ್ಲ ಬಾಗಿಲೂ ಅದಕ್ಕೆ ತೆರೆಯುತ್ತಿತ್ತು. ಕೆಲಸ ಒಪ್ಪಿಸುವ ದಿನ ಅಳಿಸಬೇಕಿತ್ತು. ಆ ದಿನಗಳಲ್ಲೇ ಅವನು ಕಂಪ್ಯೂಟರ್ ಕೆಲಸದವರ ಹರಟೆಯ ತಾಣವೊಂದರಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದ. ಆ ತಾಣ ಸೋರಿ ಎಷ್ಟೋ ಕಾಲವಾಗಿತ್ತು. ಹಾಗೆ ಸೋರಿದ ಹೆಸರುಗಳನ್ನು ಗುಡ್ಡೆ ಹಾಕಿಕೊಂಡು, ಸಿಕ್ಕ ಸಿಕ್ಕ ಬಾಗಿಲಿಗೆಲ್ಲ ತುರುಕಿ ನೋಡುವ ಕಳ್ಳರ ಬಗ್ಗೆ ಅವನು ಎರಡು ಅಂಕಣ ಬರೆದಿದ್ದ. ಒಂದೇ ಕೀಲಿಯನ್ನು ಎರಡು ಮನೆಗೆ ಬಳಸುವವರನ್ನು ಗೇಲಿ ಮಾಡಿದ್ದ.

ಅಕ್ಕನ ಚೀಟಿ ಗಾಜಿನ ಕೆಳಗೆ ಸುಮ್ಮನೆ ಮಲಗಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಕಿಟಕಿ ಮುಚ್ಚುವಂತೆ ಪುಟ ಮುಚ್ಚಿದ. ಡಾಕ್ಟರಮ್ಮನಿಗೆ ಫೋನ್ ಮಾಡಬೇಕು, ಈಗಲೇ ಮಾಡಬೇಕು ಎಂದು ಫೋನ್ ಎತ್ತಿಕೊಂಡ. ಎತ್ತಿಕೊಂಡರೆ ಅದರಲ್ಲಿ ಅಂಕಣಕ್ಕೆ ಬಂದ ಮೆಚ್ಚುಗೆಗಳು ಒಂದರ ಮೇಲೊಂದು ಬೀಳುತ್ತಿದ್ದವು. 'ಇಂಥ ಗುಮಾಸ್ತೆಯರನ್ನು ಮೊದಲು ಮನೆಗೆ ಕಳಿಸಬೇಕು' ಎಂದು ಯಾರೋ ಬರೆದಿದ್ದರು. ಮೂರು ವರ್ಷದ ಅಭ್ಯಾಸಬಲದಿಂದ ಅವನ ಹೆಬ್ಬೆರಳು ಅದಕ್ಕೆ ಕೈಮುಗಿದ ಚಿತ್ರವೊಂದನ್ನು ಕಳಿಸಿಬಿಟ್ಟಿತು. ನಾಳೆ ಹೇಳಿದರಾಯಿತು ಎಂದು ಫೋನನ್ನು ಬೋರಲು ಹಾಕಿದ.

ಚಿಲಕ ಎಂದು ಅವನನ್ನು ಕರೆಯುತ್ತಿದ್ದವರು ಇಬ್ಬರೇ. ಅಮ್ಮ ಈಗಿಲ್ಲ, ಉಳಿದವಳು ಅಕ್ಕ. ಅವನಿಗೆ ನಾಲ್ಕು ವರ್ಷವಿದ್ದಾಗ ಬಚ್ಚಲು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ ಕಿರುಚಿದ್ದ. ಅಮ್ಮ ಮನೆಯಲ್ಲಿರಲಿಲ್ಲ. ಹನ್ನೆರಡು ವರ್ಷದ ಅಕ್ಕ ಬಾಗಿಲ ಹೊರಗೆ ನೆಲದ ಮೇಲೆ ಮಲಗಿ, ಕೆಳಗಿನ ಸಂದಿಯಲ್ಲಿ ತನ್ನ ನಾಲ್ಕು ಬೆರಳು ತೂರಿಸಿ, "ನಾನಿಲ್ಲೇ ಇದೀನಿ ಕಣೋ, ಅಳ್ಬೇಡ. ಮೊದಲು ಮೇಲೆತ್ತು. ಆಮೇಲೆ ಎಳಿ" ಎಂದು ಹೇಳಿಕೊಡುತ್ತಾ ಇದ್ದಳು. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಸಲವೂ ಬೈಯಲಿಲ್ಲ. ಅವನು ಅಷ್ಟು ಹೊತ್ತೂ ಆ ನಾಲ್ಕು ಬೆರಳನ್ನೇ ನೋಡುತ್ತಿದ್ದ. ಕೊನೆಗೆ ಬಾಗಿಲು ತೆರೆದುಕೊಂಡಾಗ, "ಬಂದ್ಯಾ ಚಿಲಕ?" ಎಂದಿದ್ದಳು. ಅಂದಿನಿಂದ ಅದೇ ಹೆಸರು.

ನಾಳೆ ಎಂದದ್ದು ಸೋಮವಾರ. ಸೋಮವಾರ ಆಫೀಸಿನಲ್ಲಿ ಸಭೆಯ ಮೇಲೆ ಸಭೆ ಇತ್ತು. ಇರದಿದ್ದರೆ ತಾನೇ ಒಂದು ಸಭೆ ಕರೆಯುತ್ತಿದ್ದನೇನೋ. ಮಂಗಳವಾರ ಸಂಜೆ ಅಕ್ಕನೇ ಫೋನ್ ಮಾಡಿದಳು. "ಸ್ವಲ್ಪ ಬಂದು ಹೋಗ್ತೀಯಾ? ಒಂದು ಕಾಗದ ತಿದ್ದಿಕೊಡ್ಬೇಕಿತ್ತು."

ಹೋದಾಗ ಭಾವ ಬಾಗಿಲಲ್ಲೇ ಕೂತು ಕೈಗೆ ಹತ್ತಿದ ಗ್ರೀಸನ್ನು ಹಳೇ ಬನಿಯನ್ನಿನ ಚೂರಿನಿಂದ ಒರೆಸಿಕೊಳ್ಳುತ್ತಿದ್ದರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಬನ್ನಿ ಪಂಡಿತರೇ, ಬನ್ನಿ. ನಿಮ್ಮಕ್ಕನ ಬಗ್ಗೆ ಬರೆದಿದ್ದು ಡಿಪೋದಲ್ಲೆಲ್ಲ ಓದಿದ್ರು. ನಮ್ಮನೆ ಯಜಮಾನಿ ಅಂತ ನಾನು ಯಾರ ಹತ್ರಾನೂ ಹೇಳ್ಕೊಳ್ಳಲಿಲ್ಲ. ಹೇಳಿದ್ರೆ ಒಂದು ಸಹಿ ತಗೊಳ್ತಿದ್ರೇನೋ" ಎಂದರು.

"ಹೆಸರು ಹಾಕಿರ್ಲಿಲ್ಲ ಭಾವ."

"ಹೆಸರು ಹಾಕದಿದ್ರೆ ಪೆಟ್ಟಾಗಲ್ವೇನೋ?" ಎಂದು ಅವರು ನಕ್ಕರೂ ಕಣ್ಣು ನಗಲಿಲ್ಲ. "ನಂಗೊಂದು ಅರ್ಥವಾಗಲ್ಲಪ್ಪ. ನಮ್ಮ ಡಿಪೋದಲ್ಲಿ ಯಾವ ಬ್ರೇಕ್ ಯಾರು ಬಿಗಿದ್ರು ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕ್ಬೇಕು. ಬಸ್ಸು ಗುದ್ದಿದ್ರೆ ಮೊದಲು ಆ ಪುಸ್ತಕ ತೆಗೀತಾರೆ. ನಿಮ್ಮ ಕಂಪ್ಯೂಟರ್‌ನಲ್ಲಿ ಬಿಗಿದವನ ಸಹಿ ಎಲ್ಲಿರುತ್ತೆ? ಗುದ್ದಿದ್ರೆ ಸೀದಾ ಡ್ರೈವರನ್ನೇ ಹಿಡೀತೀರಲ್ಲ?"

"ಅವನನ್ನ ಒಳಗೆ ಬಿಡ್ತೀರೋ ಇಲ್ವೋ?" ಎಂದು ಅಕ್ಕ ಒಳಗಿನಿಂದ ಗದರಿದಳು.

ಊಟದ ಮೇಜಿನ ಮೇಲೆ ಗೆರೆ ಎಳೆದ ಹಾಳೆಯೊಂದಿತ್ತು. ಡಾಕ್ಟರಮ್ಮ ನಡೆದದ್ದನ್ನು ಬರೆದುಕೊಡಿ ಎಂದಿದ್ದರಂತೆ. ಅಕ್ಕ ಅವನ ಎದುರಿನ ಕುರ್ಚಿಯಲ್ಲಿ ಕೂತಳು. ಎರಡು ಮೊಣಕೈಯನ್ನೂ ಮೇಜಿನ ಮೇಲಿಟ್ಟು, ಅವನ ಮುಖವನ್ನೇ ನೋಡುತ್ತಾ, "ಓದು" ಎಂದಳು.

ಗುಂಡಗಿನ ಅಕ್ಷರ. 'ನನ್ನ ಅಜಾಗ್ರುಕತೆಯಿಂದ ಈ ತಪ್ಪು ಆಗಿರುತ್ತದೆ. ಚೀಟಿಯ ಬಗ್ಗೆಯೂ, ಕಾತೆಯ ಬಗ್ಗೆಯೂ ಪೂರ್ತಿ ಜವಬ್ದಾರಿ ನನ್ನದೇ. ನೊಂದವರಲ್ಲಿ ವಿಶಾದ ವ್ಯಕ್ತಪಡಿಸುತ್ತೇನೆ.'

ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಕೈಯಲ್ಲಿ ಪೆನ್ನಿತ್ತು. ಪೆನ್ನು ಕೈಗೆ ಸಿಕ್ಕರೆ ಅವನಿಗೆ ಬೇರೆಯವರ ತಪ್ಪು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. 'ಅಜಾಗ್ರುಕತೆ'ಯನ್ನು ಹೊಡೆದು 'ಅಜಾಗರೂಕತೆ' ಎಂದು ಬರೆದ. 'ವಿಶಾದ'ದ ಶ ತೆಗೆದು ಷ ಮಾಡಿದ. 'ಜವಬ್ದಾರಿ'ಗೆ ಒಂದು ದೀರ್ಘ ಕೊಟ್ಟ. 'ಕಾತೆ' ಎಂದಿದ್ದದ್ದನ್ನು 'ಖಾತೆ' ಮಾಡಿದ.

"ಇದಕ್ಕೆ ದೊಡ್ಡ ಖ ಬರುತ್ತಕ್ಕಾ" ಎಂದ.

"ಹೌದಾ? ಇಷ್ಟು ವರ್ಷ ಚಿಕ್ಕದೇ ಬರೀತಿದ್ದೆ" ಎಂದಳು ಅಕ್ಕ. ಹೊರಗೆ ಭಾವ ಗ್ರೀಸಿನ ಬಟ್ಟೆ ಕೊಡವಿದ ಸದ್ದು ಕೇಳಿಸಿತು. "ಬೇರೆ ಏನೂ ತಪ್ಪಿಲ್ವಾ ಇದರಲ್ಲಿ?"

"ಇಲ್ಲ."

"ಚೆನ್ನಾಗಿ ನೋಡು. ಅವಸರ ಇಲ್ಲ."

ಅವನು ಹಾಳೆಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದ. ಅಕ್ಷರಗಳಷ್ಟೇ ಕಂಡವು. "ಇಲ್ಲಕ್ಕಾ. ಸರಿಯಾಗಿದೆ. ಶುದ್ಧಪ್ರತಿ ಮಾಡ್ಕೋ" ಎಂದ.

"ಸರಿ" ಎಂದು ಅಕ್ಕ ಹಾಳೆ ಎಳೆದುಕೊಂಡಳು.

ಬುಧವಾರ ಆಫೀಸಿನಲ್ಲಿ ಯಾರದೋ ತಪ್ಪನ್ನು ಪರದೆಯ ಮೇಲೆ ತೋರಿಸಿ ಮಾತಾಡಿದ. ಗುರುವಾರ ಡಾಕ್ಟರಮ್ಮನೇ ಫೋನ್ ಮಾಡಿ, ಲ್ಯಾಬಿಗೆ ಬಂದು ವ್ಯವಸ್ಥೆಯನ್ನು ಒಮ್ಮೆ ಭದ್ರ ಮಾಡಿಕೊಡಿ ಎಂದು ಕೇಳಿದರು. ಇದೇ ಸರಿಯಾದ ಹೊತ್ತು ಅಂದುಕೊಂಡ. ಅರ್ಧ ದಿನ ರಜೆ ಹಾಕಿ, ಬಸ್ಸಿನಲ್ಲಿ ಕೂತು, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಾ ಹೋದ. 'ಡಾಕ್ಟರೇ, ತಪ್ಪು ಅಕ್ಕಂದಲ್ಲ, ನಂದು.' ನಾಲ್ಕೇ ಪದ. ಇದರಲ್ಲಿ ತಿದ್ದುವುದೇನೂ ಇರಲಿಲ್ಲ, ಆದರೂ ಇಳಿಯುವವರೆಗೆ ತಿದ್ದಿದ.

ಕೌಂಟರಿನ ಕುರ್ಚಿ ಖಾಲಿಯಿತ್ತು. ಗಾಜಿನ ಕೆಳಗೆ ಚೀಟಿ ಇದ್ದ ಜಾಗ ಮಾತ್ರ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿ, ಬೆಂಕಿಪೊಟ್ಟಣದಷ್ಟು ಅಗಲಕ್ಕೆ ಕಾಣುತ್ತಿತ್ತು. ಗೋಡೆಗೊರಗಿಸಿದ ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕೈಚೀಲವನ್ನು ತೊಡೆಯ ಮೇಲಿಟ್ಟು ಕೂತಿದ್ದಳು.

"ನೀವು ಆ ಕೌಂಟರ್ ಅಮ್ಮನ ತಮ್ಮ ಅಲ್ವಾ? ಮೂಗು ಹಾಗೇ ಇದೆ" ಎಂದಳು.

ಅವನು ಹೌದೆಂದು ತಲೆಯಾಡಿಸಿದ.

"ನಾನು ಆ ಶಾಲೇಲಿ ಅಡುಗೆ ಮಾಡ್ತಿದ್ನಲ್ಲ, ಅವಳೇ. ಡಾಕ್ಟರಮ್ಮ ಒಂದು ಕಾಗದ ಬರೆದು ಕೊಡ್ತೀನಂದಿದ್ರು, ನನ್ನ ಕೈ ಅಡುಗೆಯಿಂದ ಯಾರಿಗೂ ಏನೂ ಅಂಟಲ್ಲ ಅಂತ. ಅದಕ್ಕೆ ಬಂದೆ." ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಾಗದ ತಗೊಂಡು ಏನು ಮಾಡ್ಲಿ? ಫೋನಲ್ಲಿ ಬಂದಿದ್ದನ್ನ ಎಲ್ರೂ ನೋಡಿದ್ರು. ಕಾಗದ ಯಾರು ನೋಡ್ತಾರೆ?"

ಅವನು ಏನಾದರೂ ಹೇಳಬೇಕಿತ್ತು. "ಕೂತ್ಕೊಳ್ಳಿ" ಎಂದ. ಅವಳು ಕೂತೇ ಇದ್ದಳು.

"ನಿಮ್ಮಕ್ಕ ಸೋಮವಾರ ನಮ್ಮನೆಗೆ ಬಂದಿದ್ರು. ಬಾಗಿಲಲ್ಲೇ ನಿಂತು, ನನ್ನಿಂದ ತಪ್ಪಾಯ್ತು ಅಂದ್ರು. ನಂಗೆ ಎಲ್ಲಿತ್ತೋ ಸಿಟ್ಟು. ಬಾಯಿಗೆ ಬಂದ ಹಾಗೆ ಬೈದೆ. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತ್ರು. ಆ ಅಮ್ಮ ಪೂರ್ತಿ ಕೇಳ್ಕೊಂಡ್ರು. ಒಂದು ಮಾತು ಎದುರಾಡ್ಲಿಲ್ಲ." ಅವಳು ತಲೆ ಎತ್ತಿದಳು. "ಹಾಗೆ ಬೈಬಾರ್ದಿತ್ತು ಅನ್ಸುತ್ತೆ ಈಗ. ನಾಚಿಕೆ ಆಗುತ್ತೆ. ಹೇಳ್ತೀರಾ ಅವರಿಗೆ?"

"ಹೇಳ್ತೀನಿ" ಎಂದ. ನಾಚಿಕೆಯಾಗಬೇಕಾದವಳು ಅವಳಲ್ಲ ಎಂಬುದನ್ನು ಹೇಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಡಾಕ್ಟರಮ್ಮ ಬಿಳಿ ಕೋಟಿನ ತೋಳು ಮಡಚಿಕೊಂಡು ಕೂತಿದ್ದರು. ಅವನನ್ನು ಕಂಡು ಎದ್ದು ನಿಂತರು. ಎಂಟು ವರ್ಷದ ಹಿಂದೆ ಅವನು ಬಂದರೆ ಅವರು ಏಳುತ್ತಿರಲಿಲ್ಲ. "ನಿಮ್ಮ ಅಂಕಣ ಓದಿದೆ. ಸ್ವಂತ ಅಕ್ಕ ಅಂತಲೂ ಮುಲಾಜು ನೋಡ್ಲಿಲ್ಲ ನೀವು. ಇಂಥ ನಿಷ್ಠುರ ಮನುಷ್ಯರು ಕಡಿಮೆ" ಎಂದರು.

"ಡಾಕ್ಟರೇ..." ಎಂದ ಅವನು.

"ಇರಿ, ಮೊದಲು ಇದನ್ನ ನೋಡಿ." ಅವರು ಮೇಜಿನ ಮೇಲಿದ್ದ ಕಡತದಿಂದ ಒಂದು ಹಾಳೆ ತೆಗೆದು ಅವನ ಮುಂದಿಟ್ಟರು. "ಸೋಮವಾರ ತನಿಖೆಯವರು ಬಂದಿದ್ರು. ಯಾವ ಖಾತೆಯಿಂದ ಯಾರು ಯಾವಾಗ ಒಳಗೆ ಬಂದ್ರು ಅಂತ ಪಟ್ಟಿ ತೆಗೆಸಿದ್ರು. ಪಾಪ, ನಿಮ್ಮಕ್ಕನೇ ಮುದ್ರಿಸಿ ತಂದುಕೊಟ್ರು. ಆ ಚೀಟಿಯಿಂದ ಅಲ್ಲವಂತೆ, ಇನ್ನೊಂದು ಹಳೇ ಖಾತೆಯಿಂದಂತೆ. ಹೆಸರು ನೋಡಿ, ಚಿಲಕ! ಬಾಗಿಲು ಹಾರು ಹೊಡೆದಿಟ್ಟು ಚಿಲಕ ಅಂತ ಹೆಸರು!" ಅವರು ನಕ್ಕರು. "ಯಾರದು ಇದು ಅಂತ ತನಿಖೆಯವರು ಕೇಳಿದ್ರು. ನಿಮ್ಮಕ್ಕ ತಾವೇ ಒಪ್ಕೊಂಡ್ರು. ಕೆಲಸಕ್ಕೆ ಸುಲಭ ಆಗ್ಲಿ ಅಂತ ಯಾವತ್ತೋ ಮಾಡ್ಕೊಂಡಿದ್ರಂತೆ."

ಹಾಳೆಯಲ್ಲಿ ಎರಡು ಸಾಲಿಗೆ ಹಳದಿ ಬಣ್ಣ ಬಳಿದಿತ್ತು. ಒಂದು, ವರದಿಗಳು ಸೋರಿದ ದಿನದ್ದು. ಇನ್ನೊಂದು, ಮೊನ್ನೆ ಭಾನುವಾರದ್ದು. ಬೆಳಗ್ಗೆ ಹತ್ತು ಗಂಟೆ ಹದಿನಾಲ್ಕು ನಿಮಿಷ. ಅಂಚಿನಲ್ಲಿ, ಗುಂಡಗಿನ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ ಬರೆದಿತ್ತು:

'ಈ ಕಾತೆ ನನ್ನದು. ಭಾನುವಾರದ್ದೂ ನಾನೇ.'

ಕೆಳಗೆ ಅಕ್ಕನ ಸಹಿ, ಸೋಮವಾರದ ತಾರೀಖು. ಇಲ್ಲಿ ಕಾತೆಗೆ ಚಿಕ್ಕ ಕ ಹಾಗೇ ಇತ್ತು. ತಿದ್ದುವವರು ಹತ್ತಿರ ಇರಲಿಲ್ಲ.

ಅವನು ತಾರೀಖನ್ನು ಮತ್ತೆ ಓದಿದ. ಸೋಮವಾರ. ಹಾಗಾದರೆ ಮಂಗಳವಾರ ಸಂಜೆ ಊಟದ ಮೇಜಿನಾಚೆ ಮೊಣಕೈ ಊರಿ ಕೂತಿದ್ದಾಗ ಅವಳಿಗೆಲ್ಲ ಗೊತ್ತಿತ್ತು. ಖಾತೆ ಯಾರದೆಂದು ಗೊತ್ತಿತ್ತು. ಭಾನುವಾರ ಬಂದು ನೋಡಿ, ನೋಡಿಯೂ ಬಾಯಿ ಮುಚ್ಚಿಕೊಂಡವನು ಯಾರೆಂದು ಗೊತ್ತಿತ್ತು. ಅವಳು ಕಾಗದ ತಿದ್ದಿಸಲು ಕರೆದಿರಲೇ ಇಲ್ಲ. ಬೇರೆ ಏನೂ ತಪ್ಪಿಲ್ವಾ ಎಂದು ಎರಡೆರಡು ಸಲ ಕೇಳಿದ್ದಳು. ಅವನು ಖ ದೊಡ್ಡದು ಎಂದಿದ್ದ.

ಬಸ್ಸಿನಲ್ಲಿ ತಿದ್ದಿಕೊಂಡು ಬಂದ ನಾಲ್ಕು ಪದಗಳನ್ನು ಹುಡುಕಿದ. ಅವು ಬೆಳಗ್ಗಿಗಿಂತ ಭಾರವಾಗಿದ್ದವು. ಈಗ ಹೇಳಿದರೆ ತಪ್ಪು ಮಾಡಿದವನು ಎಂದಷ್ಟೇ ಆಗುವುದಿಲ್ಲ. ಗೊತ್ತಿದ್ದೂ ನಾಲ್ಕು ದಿನ ಸುಮ್ಮನಿದ್ದವನು, ಅಕ್ಕ ಬರೆದ ತಪ್ಪೊಪ್ಪಿಗೆಯ ಕಾಗುಣಿತ ಸರಿಮಾಡಿಕೊಟ್ಟವನು ಎಂದಾಗುತ್ತದೆ.

"ನೀವೇ ಹೇಳಿ" ಎಂದರು ಡಾಕ್ಟರಮ್ಮ, ಕನ್ನಡಕ ತೆಗೆದು. "ಹದಿನಾರು ವರ್ಷದ ಮನುಷ್ಯರು. ನಂಗೂ ಕಷ್ಟ. ಆದ್ರೆ ನೀವು ಈ ವಿಷಯ ತಿಳಿದವರು. ಹೀಗೆ ಮಾಡಿದವರನ್ನ ಮತ್ತೆ ಕೌಂಟರ್‌ನಲ್ಲಿ ಕೂರಿಸಬಹುದಾ?"

ಗೋಡೆಯ ಆಚೆ ಯಾವುದೋ ಯಂತ್ರ ರಕ್ತದ ಸೀಸೆಗಳನ್ನು ಗಿರ್ರೆಂದು ತಿರುಗಿಸುತ್ತಿತ್ತು. ಅದು ನಿಂತ ಮೇಲೆ ಮಾತಾಡೋಣ ಎಂದು ಅವನು ಕಾದ. ಅದು ನಿಂತಿತು. ಅವನು ಇನ್ನೂ ಸುಮ್ಮನಿದ್ದ.

"ಬಿಡಿ" ಎಂದರು ಡಾಕ್ಟರಮ್ಮ ಮೆತ್ತಗೆ. "ಒಡಹುಟ್ಟಿದವರ ಬಾಯಲ್ಲಿ ಅದನ್ನ ಹೇಳಿಸಬಾರದು. ನಂಗೆ ಅರ್ಥವಾಯ್ತು."

ಆಮೇಲೆ ಅವರು ತಮ್ಮ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ, ಆ ದರಿದ್ರ ಖಾತೆಯನ್ನು ಮೊದಲು ತೆಗೆದುಹಾಕಿ ಎಂದರು. ಅವನು ಅದನ್ನು ಹುಡುಕಿ ಆರಿಸಿದ. 'ಅಳಿಸಿದರೆ ಮತ್ತೆ ಸಿಗುವುದಿಲ್ಲ. ಖಚಿತವೇ?' ಎಂದು ಪರದೆ ಕೇಳಿತು. ಎಂಟು ವರ್ಷದ ಹಿಂದೆ ಅವನೇ ಬರೆದಿಟ್ಟ ಪ್ರಶ್ನೆ. ಹೌದು ಎಂದು ಒತ್ತಿದ. ಕಣ್ಣೆವೆ ಬಡಿಯುವಷ್ಟರಲ್ಲಿ ಕೆಲಸ ಮುಗಿಯಿತು.

"ಅಷ್ಟೇನಾ?" ಎಂದರು ಡಾಕ್ಟರಮ್ಮ.

"ಅಷ್ಟೇ" ಎಂದ.

ಹೊರಗೆ ಬರುವಾಗ ಬೆಂಚಿನ ಮೇಲಿದ್ದ ಹೆಂಗಸು ಮತ್ತೆ ನೆನಪಿಸಿದಳು: "ಅವರಿಗೆ ಹೇಳ್ತೀರಲ್ಲ?"

ಆ ವಾರದ ಅಂಕಣ ಅವನು ಬರೆಯಲಿಲ್ಲ. ಮೈ ಸರಿಯಿಲ್ಲ ಎಂದು ಪತ್ರಿಕೆಗೆ ತಿಳಿಸಿದ. ಮುಂದಿನ ವಾರ ಬರೆದ.

ಅಕ್ಕನ ಮನೆಗೆ ಹೋದದ್ದು ಅದಾದ ಮೇಲಿನ ಭಾನುವಾರ. ಭಾವನಿಗೆ ಡಿಪೋದಲ್ಲಿ ಪಾಳಿ ಇತ್ತು. ಅಕ್ಕ ಹೊಸ್ತಿಲ ಒಳಗೆ ಬಿಸಿಲು ಬೀಳುವ ಕಡೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅವನನ್ನು ಕಂಡು ಹೆಸರು ಹಿಡಿದು ಕರೆದಳು. ಶಾಲೆಯ ದಾಖಲೆಯಲ್ಲಿರುವ, ಪತ್ರಿಕೆಯಲ್ಲಿ ಫೋಟೊದ ಕೆಳಗೆ ಬರುವ, ಅವಳ ಬಾಯಲ್ಲಿ ಅವನು ಎಂದೂ ಕೇಳಿರದ ಪೂರ್ತಿ ಹೆಸರು. ಯಾರೋ ನೆಂಟರನ್ನು ಕರೆದ ಹಾಗಿತ್ತು.

"ಬಾ, ಕೂತ್ಕೋ. ಶುಕ್ರವಾರ ಹೇಳಿ ಕಳಿಸಿದ್ರು, ಇನ್ನು ಬರೋದು ಬೇಡ ಅಂತ. ಡಾಕ್ಟರಮ್ಮ ಅತ್ತುಬಿಟ್ರು ಪಾಪ. ನಾನೇ ಸಮಾಧಾನ ಮಾಡಿ ಬಂದೆ."

ಅವನು ಎದುರಿಗೆ ಕೂತು ಬಟಾಣಿಯ ಕಾಯಿಯೊಂದನ್ನು ತೆಗೆದುಕೊಂಡ. "ಆ ಅಡುಗೆಯವರು ಸಿಕ್ಕಿದ್ರು. ನಿನಗೆ ಬೈದಿದ್ದು ತಪ್ಪಾಯ್ತು ಅಂತ ಹೇಳೋಕೆ ಹೇಳಿದ್ರು."

"ಅಯ್ಯೋ, ಅವರ ತಪ್ಪೇನಿದೆ?" ಎಂದಳು. "ಮತ್ತೆ ಕೆಲಸಕ್ಕೆ ಕರೆದ್ರಂತಾ ಅವರನ್ನ?"

"ಇಲ್ಲ ಅನ್ಸುತ್ತೆ."

ಕಾಳುಗಳು ಪಾತ್ರೆಗೆ ಒಂದೊಂದಾಗಿ ಬೀಳುತ್ತಿದ್ದವು. ಅವಳ ಬಲಗೈಯ ನಾಲ್ಕು ಬೆರಳು ಸಿಪ್ಪೆಯ ಹಸಿರು ಹತ್ತಿ ಒದ್ದೆಯಾಗಿದ್ದವು. ಅವನ ಕಣ್ಣು ಅಲ್ಲೇ ನಿಂತಿತು. ಬಿಸಿಲು ಅವನ ಪಾದದಿಂದ ಅವಳ ಪಾದದವರೆಗೆ ಸರಿಯಿತು. ಅವಳು ಸುಲಿಯುವುದನ್ನು ನಿಲ್ಲಿಸಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು, ಅವಸರವಿಲ್ಲದವಳಂತೆ ಕೂತಳು.

"ಏನೋ ಹೇಳೋಕೆ ಬಂದ ಹಾಗಿತ್ತು" ಎಂದಳು.

"ಏನಿಲ್ಲಕ್ಕಾ. ಹಾಗೇ ಬಂದೆ."

ಅವಳು ತಲೆಯಾಡಿಸಿದಳು. ಮೊರದ ಮೂಲೆಯಲ್ಲಿ ಉಳಿದಿದ್ದ ಕಾಯಿಗಳನ್ನು ಇಬ್ಬರ ನಡುವೆ ಸಮನಾಗಿ ಹಂಚಿದಳು. ಅವನು ತನ್ನ ಪಾಲಿನವನ್ನು ಸುಲಿದುಕೊಟ್ಟು, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟ.

ಆ ಖಾತೆ ತನ್ನದೆಂದು, ಭಾನುವಾರ ಬಂದು ನೋಡಿದವನು ತಾನೆಂದು ಅವನು ಅಕ್ಕನಿಗೆ ಹೇಳಲಿಲ್ಲ.